ಪೀನಟ್ ಬಟರ್ ಶೀಟ್ ಕೇಕ್ ಕೆಟ್ಟರೆ: ಮೊದಲು ಡಬ್ಬಿ ನೋಡಿ, ಟ್ರೇ ಅಳೆಯಿರಿ, ಆಮೇಲೆ ಓವನ್ನಿಗೆ ಬೈಯಿರಿ

ಕೇಕ್ ಕೆಟ್ಟ ಕೂಡಲೇ ನಾವು ಬೈಯುವುದು ಓವನ್ನಿಗೆ. ಅಲ್ಲಿ ಏನೂ ಸಿಗದಿದ್ದರೆ ರೆಸಿಪಿ ಬರೆದವರಿಗೆ. ಪೀನಟ್ ಬಟರ್ ಶೀಟ್ ಕೇಕಿನ ಮಟ್ಟಿಗೆ ಇಬ್ಬರದೂ ತಪ್ಪು ಕಡಿಮೆ. ನನ್ನ ಫೋನಿಗೆ ಬರುವ ‘ಹೀಗಾಯ್ತು ನೋಡಿ’ ಫೋಟೊಗಳಲ್ಲಿ ಬಹುಪಾಲಿಗೆ ಕಾರಣ ಎರಡೇ: ಯಾವ ಡಬ್ಬಿಯ ಪೀನಟ್ ಬಟರ್ ಹಾಕಿದರು, ಎಷ್ಟು ದೊಡ್ಡ ಟ್ರೇಗೆ ಸುರಿದರು. ಇವೆರಡನ್ನು ಕೇಳಿಕೊಳ್ಳದೆ ಓವನ್ನಿನ ಗುಂಡಿ ತಿರುಗಿಸಿದರೆ ಮುಂದಿನ ಸಲ ಕೇಕ್ ಬೇರೆ ರೀತಿಯಲ್ಲಿ ಕೆಡುತ್ತದೆ, ಅಷ್ಟೆ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಅಮೆರಿಕದ ದಕ್ಷಿಣದ ರಾಜ್ಯಗಳ ಮನೆಯಡುಗೆ. ಅಲ್ಲಿ ‘ಟೆಕ್ಸಸ್ ಶೀಟ್ ಕೇಕ್’ ಅನ್ನುವ ಚಾಕೊಲೇಟ್ ಕೇಕ್ ಒಂದಿದೆ. ಚರ್ಚಿನ ಊಟ, ಸಾವಿನ ಮನೆ, ಶಾಲೆಯ ಕಾರ್ಯಕ್ರಮ ಎಲ್ಲದಕ್ಕೂ ಟ್ರೇ ಸಮೇತ ಹೊತ್ತೊಯ್ಯುವಂಥದ್ದು. ಅದರ ತಂಗಿಯೇ ಈ ಪೀನಟ್ ಬಟರ್ ಕೇಕ್. ಬೆಣ್ಣೆ ಸಕ್ಕರೆ ತಿಕ್ಕಿ ತಿಕ್ಕಿ ಉಬ್ಬಿಸುವ ಕೆಲಸ ಇಲ್ಲಿಲ್ಲ. ಬೆಣ್ಣೆ, ನೀರು, ಪೀನಟ್ ಬಟರ್ ಮೂರನ್ನೂ ಒಲೆಯ ಮೇಲೆ ಕುದಿ ಬರಿಸಿ ಮೈದಾ-ಸಕ್ಕರೆಯ ಮೇಲೆ ಸುರಿಯುವುದು. ತೆಳ್ಳಗೆ ಹರಡಿ ಇಪ್ಪತ್ತು ನಿಮಿಷ ಬೇಯಿಸುವುದು. ಕೇಕ್ ಬಿಸಿ ಇರುವಾಗಲೇ ಬಿಸಿ ಫ್ರಾಸ್ಟಿಂಗ್, ಅಂದರೆ ಮೇಲಿನ ಸಿಹಿ ಲೇಪ, ಎರೆಯುವುದು. ಬಿಸಿ ದ್ರವ ತಗುಲಿದಾಗ ಮೈದಾದ ಪಿಷ್ಟ ಸ್ವಲ್ಪ ಬೆಂದುಕೊಂಡು ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಾರನೆಯ ದಿನವೂ ಈ ಕೇಕ್ ಒಣಗದಿರುವುದು ಅದರಿಂದ.

ಕೆಳಗಿನ ಮಾತೆಲ್ಲ ಈ ಅಳತೆಗೆ ಹೇಳಿದ್ದು. 10×15 ಇಂಚಿನ ಟ್ರೇ, 250 ಗ್ರಾಂ ಮೈದಾ, 400 ಗ್ರಾಂ ಸಕ್ಕರೆ (ಅರ್ಧ ಬ್ರೌನ್ ಶುಗರ್ ಆದರೆ ರುಚಿ), 1 ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು, 170 ಗ್ರಾಂ ಬೆಣ್ಣೆ, 130 ಗ್ರಾಂ ಪೀನಟ್ ಬಟರ್, 240 ಮಿಲಿ ನೀರು, 120 ಮಿಲಿ ಬಟರ್‌ಮಿಲ್ಕ್ (ಗಟ್ಟಿ ಹುಳಿ ಮಜ್ಜಿಗೆ), 2 ಮೊಟ್ಟೆ, ವೆನಿಲಾ. ಓವನ್ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹೆಚ್ಚುಕಡಿಮೆ 175 ಸೆಲ್ಸಿಯಸ್. ಫ್ರಾಸ್ಟಿಂಗಿಗೆ 115 ಗ್ರಾಂ ಬೆಣ್ಣೆ, 80 ಮಿಲಿ ಹಾಲು, 130 ಗ್ರಾಂ ಪೀನಟ್ ಬಟರ್, 360 ಗ್ರಾಂ ಐಸಿಂಗ್ ಶುಗರ್, ಚಿಟಿಕೆ ಉಪ್ಪು.

ಮೊದಲು ಒಂದು ತುಂಡು ಕೊಯ್ಯಿರಿ

ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಫ್ರಾಸ್ಟಿಂಗ್ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಟ್ರೇಯ ನಡುವಿನಿಂದ ಒಂದು, ಮೂಲೆಯಿಂದ ಒಂದು ತುಂಡು ತೆಗೆದು ಪಕ್ಕಪಕ್ಕ ಇಡಿ. ಬದಿಯಿಂದ ನೋಡಿ. ನಡುವಿನದು ಕೆಟ್ಟು ಮೂಲೆಯದು ಸರಿಯಾಗಿದ್ದರೆ ಶಾಖದ ತೊಂದರೆ, ಇಲ್ಲವೇ ಟ್ರೇ ತೊಂದರೆ. ಎರಡೂ ಒಂದೇ ಥರ ಕೆಟ್ಟಿದ್ದರೆ ಅಳತೆಯದೋ ಸಾಮಾನಿನದೋ ತೊಂದರೆ. ಇಷ್ಟು ತಿಳಿದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ತುಂಡಿನ ಕೆಳಗಿನ ಬಟರ್ ಪೇಪರನ್ನೂ ಬೆಳಕಿಗೆ ಹಿಡಿಯಿರಿ. ಅದರ ಉಪಯೋಗ ಮುಂದೆ ಬರುತ್ತದೆ.

ಅಡಿಯಲ್ಲಿ ರಬ್ಬರಿನಂಥ ಪದರ

ಅತಿ ಹೆಚ್ಚು ಬರುವ ದೂರು ಇದೇ. ಮೈಸೂರಿನ ನಮ್ಮ ಚಿಕ್ಕಮ್ಮನ ಮಗಳು ಕಳಿಸಿದ ಫೋಟೊದಲ್ಲಿ ಮೇಲಿನ ಅರ್ಧ ಚೆಂದದ ಸ್ಪಂಜು, ಕೆಳಗೆ ಬೆರಳು ದಪ್ಪದ ಹಳದಿ ಪಟ್ಟಿ, ಚಾಕುವಿಗೆ ಅಂಟಿಕೊಂಡು ಎಳೆ ಬಂದಿತ್ತು.

“ಅಕ್ಕ, ನೀನು ಹೇಳಿದಷ್ಟೇ ಹೊತ್ತು ಇಟ್ಟೆ ಕಣೆ. ಟೂತ್‌ಪಿಕ್ಕೂ ಕ್ಲೀನಾಗೇ ಬಂತು.”

“ಟೂತ್‌ಪಿಕ್ ಎಲ್ಲಿ ಚುಚ್ಚಿದೆ?”

“ಅಂಚಿನ ಹತ್ರ. ನಡುವೆ ಚುಚ್ಚಿದ್ರೆ ತೂತು ಕಾಣತ್ತಲ್ಲ.”

“ಟ್ರೇ ಎಷ್ಟು ದೊಡ್ಡದು?”

“ಎಂಟು ಇಂಚಿಂದು. ಚೌಕದ್ದು.”

ಉತ್ತರ ಅಲ್ಲೇ ಇತ್ತು. ಮೇಲಿನ ಅಳತೆಯ ಹಿಟ್ಟು ಒಟ್ಟು 1400 ಗ್ರಾಂ ಆಸುಪಾಸು ತೂಗುತ್ತದೆ. 10×15 ಟ್ರೇ ಎಂದರೆ 150 ಚದರ ಇಂಚು. ಚದರ ಇಂಚಿಗೆ ಒಂಬತ್ತು-ಹತ್ತು ಗ್ರಾಂ ಹಿಟ್ಟು. ಎಂಟು ಇಂಚಿನ ಚೌಕ ಬರೀ 64 ಚದರ ಇಂಚು. ಅರ್ಧ ಅಳತೆ ಮಾಡಿಕೊಂಡು 700 ಗ್ರಾಂ ಸುರಿದರೂ ಇಂಚಿಗೆ ಹನ್ನೊಂದು ಗ್ರಾಂ ಬೀಳುತ್ತದೆ. ಪೂರ್ತಿ ಸುರಿದರೆ ಇಪ್ಪತ್ತೆರಡು. ಅಷ್ಟು ದಪ್ಪಕ್ಕೆ ಇಪ್ಪತ್ತು ನಿಮಿಷ ಎಲ್ಲಿ ಸಾಕು? ಈ ಹಿಟ್ಟು ದೋಸೆ ಹಿಟ್ಟಿಗಿಂತ ತೆಳು. ದಪ್ಪವಾಗಿ ನಿಂತಾಗ ಪೀನಟ್ ಬಟರಿನ ಭಾರದ ಕಣಗಳು ಬೇಯುವ ಮುಂಚೆಯೇ ತಳಕ್ಕೆ ಇಳಿಯುತ್ತವೆ. ರಬ್ಬರ್ ಪದರ ಅದರಿಂದ.

ಹಾಗಾಗಿ ಟ್ರೇಯ ಉದ್ದ ಅಗಲ ಗುಣಿಸಿ, ಬಂದ ಸಂಖ್ಯೆಯನ್ನು ಒಂಬತ್ತೂವರೆಯಿಂದ ಗುಣಿಸಿ, ಅಷ್ಟು ಗ್ರಾಂ ಹಿಟ್ಟನ್ನು ಮಾತ್ರ ತೂಕ ಮಾಡಿ ಸುರಿಯಿರಿ. ಒಂಬತ್ತು ಇಂಚಿನ ಚೌಕಕ್ಕೆ (81 ಚದರ ಇಂಚು) ಅರ್ಧ ಅಳತೆ ಸರಿಹೋಗುತ್ತದೆ. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾದ 9×13ಕ್ಕೆ (117) ಪೂರ್ತಿ ಅಳತೆ ಸುರಿದರೂ ಆದೀತು, ಆದರೆ ಮೂವತ್ತರಿಂದ ಮೂವತ್ತೈದು ನಿಮಿಷ ಬೇಕು. ಅಲ್ಲಿ ಹಾಫ್ ಶೀಟ್ ಎನ್ನುವ 13×18 ಟ್ರೇಗೆ ಇದೇ ಹಿಟ್ಟು ಹಾಕಿದರೆ ತೀರ ತೆಳ್ಳಗಾಗಿ ಹದಿನೈದು ನಿಮಿಷ ದಾಟುವುದರೊಳಗೆ ಒಣಗುತ್ತದೆ. ಆ ಟ್ರೇಗೆ ಒಂದೂವರೆ ಅಳತೆ ಮಾಡಿಕೊಳ್ಳಬೇಕು. ಹೇಗೂ ಅದು ನಮ್ಮ ಮನೆಗಳ ಓಟಿಜಿಯೊಳಗೆ (ಮೇಜಿನ ಮೇಲಿಡುವ ಚಿಕ್ಕ ವಿದ್ಯುತ್ ಓವನ್) ಹಿಡಿಸುವುದಿಲ್ಲ.

ಟ್ರೇ ಸರಿಯಿದ್ದೂ ಅಡಿಯ ಪದರ ಬಂದರೆ ಎರಡನೆಯ ಅನುಮಾನ ಓಟಿಜಿ ಮೇಲೆ. ಕೆಂಪು ದೀಪ ಆರಿದರೆ ಒಳಗಿನ ಗಾಳಿ ಬಿಸಿಯಾಗಿದೆ ಎಂದಷ್ಟೇ ಅರ್ಥ. ಗೋಡೆ ಇನ್ನೂ ತಣ್ಣಗಿರುತ್ತದೆ. ಬಾಗಿಲು ತೆಗೆದ ಕೂಡಲೇ ಶಾಖ ಹಾರಿಹೋಗುತ್ತದೆ. ದೀಪ ಆರಿದ ಮೇಲೂ ಹತ್ತು ನಿಮಿಷ ಕಾಯಿಸಿ. ಟ್ರೇಯ ಸುತ್ತ ಒಂದೊಂದು ಇಂಚಾದರೂ ಜಾಗ ಇರಲಿ. ಗೋಡೆಗೆ ಒತ್ತಿಕೊಂಡ ಟ್ರೇ ಕೆಳಗಿನ ಬಿಸಿ ಗಾಳಿಯನ್ನು ಮೇಲೆ ಬರಗೊಡುವುದಿಲ್ಲ. ಒಳಗಿಡುವ ಓವನ್ ಥರ್ಮಾಮೀಟರ್ ಒಂದನ್ನು ಕೊಳ್ಳಿ, ದುಬಾರಿಯಲ್ಲ. ಗುಂಡಿಯ ಮೇಲಿನ ಸಂಖ್ಯೆಗೂ ಒಳಗಿನ ಶಾಖಕ್ಕೂ ಇಪ್ಪತ್ತು ಡಿಗ್ರಿ ವ್ಯತ್ಯಾಸ ಕಂಡರೆ ಆಶ್ಚರ್ಯಪಡಬೇಡಿ.

ಕನ್ವೆಕ್ಷನ್ ಮೈಕ್ರೋವೇವ್ ಇದ್ದವರಿಗೆ ಬೇರೆ ಗೋಳು. ಆಯತದ ಟ್ರೇ ಒಳಗೆ ತಿರುಗದೆ ಸಿಕ್ಕಿಹಾಕಿಕೊಂಡು, ಫ್ಯಾನಿನ ಎದುರಿನ ಅಂಚು ಕರ್ರಗಾಗಿ ಇನ್ನೊಂದು ಬದಿ ಹಸಿ ಉಳಿಯುತ್ತದೆ. ತಿರುಗುವಷ್ಟು ಚಿಕ್ಕ ಟ್ರೇ ಹಾಕಿ, ಶಾಖ 15 ಡಿಗ್ರಿ ಇಳಿಸಿ.

ಎಣ್ಣೆ ಬಿಡುತ್ತದೆ, ಕೈಗೆ ಅಂಟುತ್ತದೆ

ಈಗ ಆ ಬಟರ್ ಪೇಪರ್. ಬೆಳಕಿಗೆ ಹಿಡಿದಾಗ ಗಾಜಿನ ಹಾಗೆ ಪಾರದರ್ಶಕವಾಗಿದ್ದರೆ, ಹಿಟ್ಟು ಹಿಡಿದಿಟ್ಟುಕೊಳ್ಳಲಾರದಷ್ಟು ಜಿಡ್ಡು ಒಳಗೆ ಹೋಗಿದೆ ಎಂದರ್ಥ. ಇದು ಹೆಚ್ಚಾಗಿ ಡಬ್ಬಿಯ ಕತೆ.

ಪೀನಟ್ ಬಟರಿನ ತೂಕದಲ್ಲಿ ಅರ್ಧದಷ್ಟು ಕೊಬ್ಬೇ. ಅಮೆರಿಕದ ಅಂಗಡಿಯ ಮಾಮೂಲಿ ಡಬ್ಬಿಯಲ್ಲಿ ಆ ಎಣ್ಣೆ ಮೇಲೆ ತೇಲುವುದಿಲ್ಲ. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೋಸೆಫ್ ರೋಸ್‌ಫೀಲ್ಡ್ ಎಂಬಾತ ಹೈಡ್ರೋಜನೀಕರಿಸಿದ (ಗಟ್ಟಿಯಾಗುವಂತೆ ಸಂಸ್ಕರಿಸಿದ) ಎಣ್ಣೆ ಬೆರೆಸಿ ಅದನ್ನು ಕಟ್ಟಿಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದ. ಕಲಸದೆಯೇ ನುಣ್ಣಗಿರುವ ಡಬ್ಬಿಗಳೆಲ್ಲ ಆ ದಾರಿಯಲ್ಲಿ ಬಂದವು. ಟೆಕ್ಸಸ್‌ನ ಅಜ್ಜಿಯರ ರೆಸಿಪಿಗಳು ಬರೆದಿರುವುದು ಈ ಡಬ್ಬಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ನೀವು ‘ನ್ಯಾಚುರಲ್’, ‘ಅನ್‌ಸ್ವೀಟೆನ್ಡ್’ ಎಂದು ಬರೆದ, ಮೇಲೆ ಎರಡು ಬೆರಳು ಎಣ್ಣೆ ನಿಂತ ಡಬ್ಬಿ ತಂದು, ಕಲಸದೆ ಮೇಲಿನಿಂದಲೇ ಚಮಚ ತುಂಬಿಸಿದರೆ ಕೇಕಿಗೆ ಹೋಗುವುದು ಬರೀ ಎಣ್ಣೆ. ಡಬ್ಬಿಯ ತಳ ಮುಟ್ಟಿದಾಗ ಮಾಡಿದ ಕೇಕ್ ಒಣಕಲು. ‘ಹೋದ ಸಲ ಎಣ್ಣೆ ಎಣ್ಣೆ, ಈ ಸಲ ಪುಡಿ ಪುಡಿ, ಡಬ್ಬಿ ಅದೇ’ ಅನ್ನುವವರ ಸಮಸ್ಯೆ ಇದೇ. ಡಬ್ಬಿಯನ್ನು ಹಿಂದಿನ ರಾತ್ರಿ ತಲೆಕೆಳಗಾಗಿಸಿ ಇಟ್ಟು, ಬೆಳಿಗ್ಗೆ ಉದ್ದನೆಯ ಚಾಕುವಿನಿಂದ ತಳದವರೆಗೆ ಕಲಸಿ ಬಳಸಿ.

ಡಬ್ಬಿಯ ಹೆಸರನ್ನೂ ಓದಿ. ಅಮೆರಿಕದಲ್ಲಿ ‘ಪೀನಟ್ ಬಟರ್’ ಎಂದು ಬರೆಯಬೇಕಾದರೆ ಶೇಕಡಾ 90ರಷ್ಟು ಕಡಲೆಕಾಯಿ ಇರಲೇಬೇಕು, ಕೊಬ್ಬು ಶೇಕಡಾ 55 ಮೀರಬಾರದು. ‘ಸ್ಪ್ರೆಡ್’ ಎಂದಿದ್ದರೆ ಆ ಕಟ್ಟುಪಾಡಿಲ್ಲ. ಹಿಂದಿನ ಚೀಟಿಯಲ್ಲಿ ಸಕ್ಕರೆ, ಎಣ್ಣೆ ಎಷ್ಟಿದೆ ನೋಡಿಕೊಳ್ಳಿ.

ಮನೆಯ ಮಿಕ್ಸಿಯಲ್ಲಿ ಮಾಡಿಕೊಳ್ಳುವವರು ಶೇಂಗಾ ಹುರಿದು, ಸಿಪ್ಪೆ ಉಜ್ಜಿ ಪೂರ್ತಿ ಕೇರಿ, ಎಣ್ಣೆ ಬಿಟ್ಟು ನುಣ್ಣಗೆ ಹರಿಯುವ ತನಕ ತಿರುಗಿಸಬೇಕು. ಚಟ್ನಿಪುಡಿಯ ಹದಕ್ಕೇ ನಿಲ್ಲಿಸಿದರೆ ಆ ತರಿ ನೀರು ಹೀರಿಕೊಂಡು ಕೇಕನ್ನು ಗಟ್ಟಿ ಮಾಡುತ್ತದೆ. ಮುರುಟಿದ, ಬೂಸ್ಟು ಹಿಡಿದ ಬೀಜ ಒಂದಿದ್ದರೂ ಎತ್ತಿ ಎಸೆಯಿರಿ. ಅದರಲ್ಲಿರಬಹುದಾದ ಬೂಸ್ಟಿನ ವಿಷ ಅಫ್ಲಟಾಕ್ಸಿನ್ ಹುರಿದರೆ ಪೂರ್ತಿ ಹೋಗುವಂಥದ್ದಲ್ಲ.

ಡಬ್ಬಿ ನಿರ್ದೋಷಿ ಎಂದಾದರೆ ಬೆಣ್ಣೆಯ ಲೆಕ್ಕ ನೋಡಿ. ಚಾಕೊಲೇಟ್ ಶೀಟ್ ಕೇಕಿನ ರೆಸಿಪಿಯಲ್ಲಿ ಎರಡು ಸ್ಟಿಕ್ ಬೆಣ್ಣೆ ಇರುತ್ತದೆ. ಒಂದು ಅಮೆರಿಕನ್ ಸ್ಟಿಕ್ 113 ಗ್ರಾಂ. ಕೆಲವರು ಅದಕ್ಕೇ ಕೋಕೊ ಬದಲು ಪೀನಟ್ ಬಟರ್ ಸೇರಿಸಿಬಿಡುತ್ತಾರೆ. ಆಗ ಬೆಣ್ಣೆಯಿಂದ 180 ಗ್ರಾಂ, ಪೀನಟ್ ಬಟರಿನಿಂದ 65 ಗ್ರಾಂ ಕೊಬ್ಬು ಸೇರಿ, 250 ಗ್ರಾಂ ಮೈದಾಕ್ಕೆ ಸರಿಸಮ ಜಿಡ್ಡು. ಅದಕ್ಕೇ ನನ್ನ ಅಳತೆಯಲ್ಲಿ ಬೆಣ್ಣೆ ಒಂದೂವರೆ ಸ್ಟಿಕ್ಕಿಗೆ ಇಳಿದಿದೆ. ನಮ್ಮ ಊರಿನ ಪ್ಯಾಕೆಟ್ ಬೆಣ್ಣೆ ಹೆಚ್ಚಾಗಿ ಉಪ್ಪಿನದು. ಹಾಗಿದ್ದರೆ ಮೇಲೆ ಹೇಳಿದ ಅರ್ಧ ಚಮಚ ಉಪ್ಪನ್ನು ಬಿಟ್ಟುಬಿಡಿ.

ನಡುವೆ ಕುಸಿದಿದೆ

ಉಬ್ಬಿ ಆಮೇಲೆ ಕುಸಿದಿದ್ದರೆ ಕಾರಣ ಬೇರೆ, ಉಬ್ಬಲೇ ಇಲ್ಲವಾದರೆ ಬೇರೆ. ಟ್ರೇಯ ಗೋಡೆ ನೋಡಿ: ಹಿಟ್ಟು ಎಷ್ಟರವರೆಗೆ ಏರಿತ್ತು ಎಂಬ ಗೆರೆ ಅಲ್ಲಿ ಉಳಿದಿರುತ್ತದೆ. ಗೆರೆ ಮೇಲಿದ್ದು ಕೇಕ್ ಕೆಳಗಿದ್ದರೆ ಉಬ್ಬಿ ಬಿದ್ದಿದೆ. ಸೋಡಾ ಜಾಸ್ತಿಯಾಗಿರಬೇಕು, ಅಥವಾ ಬೇಯುವ ಮುಂಚೆ ಹೊರಗೆ ತೆಗೆದಿರಬೇಕು.

ಸೋಡಾವನ್ನು 5 ಮಿಲಿ ಅಳತೆಯ ಟೀ ಚಮಚದಲ್ಲಿ ತುಂಬಿ, ಚಾಕುವಿನ ಬೆನ್ನಿನಿಂದ ಸಮ ಮಾಡಿ ಹಾಕಬೇಕು. ಕಾಫಿ ಕಲಕುವ ಚಮಚದಲ್ಲಿ ಗೋಪುರ ಮಾಡಿ ಹಾಕಿದರೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಆಗ ಕುಸಿಯುವುದರ ಜೊತೆ ಸೋಪಿನ ರುಚಿ, ಕಡು ಕಂದು ಬಣ್ಣ. ಅಲ್ಲಲ್ಲಿ ಮಾತ್ರ ಕಹಿ ಚುಕ್ಕೆಗಳಿದ್ದರೆ ಸೋಡಾ ಗಂಟಾಗಿ ಉಳಿದಿದೆ, ಜರಡಿ ಹಿಡಿದಿಲ್ಲ.

ಬೆಂಗಳೂರಿನವರು, ಚಿಕ್ಕಮಗಳೂರು, ಮಡಿಕೇರಿಯವರು ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಮೆರಿಕದ ಪಾಕಪುಸ್ತಕಗಳಲ್ಲಿ ಎತ್ತರದ ಊರುಗಳಿಗೆಂದು ಕೊಡುವ ಸೂಚನೆ ಸಾಮಾನ್ಯವಾಗಿ ಮೂರು-ಮೂರೂವರೆ ಸಾವಿರ ಅಡಿಯಿಂದ ಶುರುವಾಗುತ್ತದೆ. ಬೆಂಗಳೂರು ಸುಮಾರು 3000 ಅಡಿ; ಮಡಿಕೇರಿ ಅದಕ್ಕೂ ಮೇಲೆ. ಗಾಳಿಯ ಒತ್ತಡ ಕಡಿಮೆ ಇರುವಲ್ಲಿ ಗುಳ್ಳೆಗಳು ಬೇಗ ದೊಡ್ಡದಾಗಿ ಒಡೆಯುತ್ತವೆ. ಹೂಸ್ಟನ್‌ನಂಥ ಸಮುದ್ರಮಟ್ಟದ ಊರಿನ ಅಳತೆಯಲ್ಲಿ ಒಂದು ಚಿಟಿಕೆ ಸೋಡಾ, ಒಂದೆರಡು ದೊಡ್ಡ ಚಮಚ ಸಕ್ಕರೆ ಕಡಿಮೆ ಮಾಡಿ, ಒಂದು ದೊಡ್ಡ ಚಮಚ ನೀರು ಹೆಚ್ಚಿಸಿ. ಮಂಗಳೂರಿನವರಿಗೆ ಇದು ಬೇಕಾಗಿಲ್ಲ.

ಒಳಗೆ ಚುಚ್ಚುವ ಥರ್ಮಾಮೀಟರ್ ಬಳಸುವವರಿಗೂ ಇದು ನೆನಪಿರಲಿ. ‘ನಡುವಿನಲ್ಲಿ 98 ಡಿಗ್ರಿ ಬಂದಾಗ ತೆಗೆಯಿರಿ’ ಎಂದು ಓದಿ ಬೆಂಗಳೂರಿನಲ್ಲಿ ಕಾಯುತ್ತ ಕೂತರೆ ಅಂಚು ಸೀದುಹೋಗುತ್ತದೆ. ಇಲ್ಲಿ ನೀರು ಕುದಿಯುವುದೇ 97ರ ಆಸುಪಾಸು. ಎರಡು ಮೂರು ಡಿಗ್ರಿ ಮೊದಲೇ ತೆಗೆಯಿರಿ.

ಗೆರೆಯೂ ಕೆಳಗೇ ಇದ್ದರೆ, ಅಂದರೆ ಉಬ್ಬಲೇ ಇಲ್ಲವಾದರೆ, ಬಟರ್‌ಮಿಲ್ಕ್ ನೋಡಿ. ಅಮೆರಿಕದಲ್ಲಿ ಆ ಹೆಸರಿನ ಡಬ್ಬದಲ್ಲಿ ಬರುವುದು ಹೆಪ್ಪು ಹಾಕಿದ, ಗಟ್ಟಿಯಾದ, ಚೆನ್ನಾಗಿ ಹುಳಿ ಇರುವ ಹಾಲು. ನೀರು ಮಜ್ಜಿಗೆ ಹಾಕಿದರೆ ಸೋಡಾ ಕೆರಳುವಷ್ಟು ಹುಳಿ ಸಿಗುವುದಿಲ್ಲ. ಹುಳಿಬಂದ ಮೊಸರು 90 ಗ್ರಾಂ ತೆಗೆದುಕೊಂಡು 30 ಮಿಲಿ ನೀರಲ್ಲಿ ಕಡೆದರೆ ಅದೇ ಹದ. ಉಪ್ಪು-ಇಂಗಿನ ಒಗ್ಗರಣೆ ಮಜ್ಜಿಗೆ ಹಾಕಿದವರೂ ಇದ್ದಾರೆ. ಅವರಿಗೆ ನನ್ನಲ್ಲಿ ಔಷಧವಿಲ್ಲ.

ಸೋಡಾ ಹಳೆಯದೇ ಎಂದು ನೋಡಲು ಕಾಲು ಚಮಚಕ್ಕೆ ನಿಂಬೆರಸ ಹಿಂಡಿ. ಭುಸ್ಸೆನ್ನದಿದ್ದರೆ ಎಸೆಯಿರಿ. ಹಿಟ್ಟು ಕಲಸಿ ಅರ್ಧ ಗಂಟೆ ಬಿಟ್ಟು ಓವನ್ನಿಗೆ ಹಾಕಿದರೂ ಇದೇ ಫಲ, ಬಿಸಿ ಹಿಟ್ಟಿನಲ್ಲಿ ಸೋಡಾ ಕಾಯುವುದಿಲ್ಲ. ಓವನ್ ಕಾದ ಮೇಲೇ ಒಲೆ ಹಚ್ಚಿ.

ಬಿಳಿ ಎಳೆಗಳು, ಸುರಂಗಗಳು, ಒಣಕಲು

ತುಂಡಿನಲ್ಲಿ ಬಿಳಿ ಚೂರು ಕಂಡರೆ ಅದು ಮೊಟ್ಟೆ. ಕುದಿಯುವ ಬೆಣ್ಣೆ-ನೀರು ಸುರಿದ ಕೂಡಲೇ ಮೊಟ್ಟೆ ಒಡೆದು ಹಾಕಿದಿರಿ, ಅದು ಬೆಂದುಕೊಂಡಿತು. ಮೊಟ್ಟೆಯನ್ನು ಬಟರ್‌ಮಿಲ್ಕ್ ಜೊತೆ ಬೇರೆ ಬಟ್ಟಲಲ್ಲಿ ಕಡೆದು, ಹಿಟ್ಟಿನೊಳಗೆ ಬೆರಳು ಇಡುವಷ್ಟು ಬಿಸಿ ಇಳಿದ ಮೇಲೆ ಸೇರಿಸಿ. ಸುರಂಗದಂಥ ಉದ್ದನೆಯ ತೂತುಗಳು ಬಂದರೆ ಬೀಟರಿನಲ್ಲಿ ಜಾಸ್ತಿ ತಿರುಗಿಸಿದ್ದೀರಿ. ಇದಕ್ಕೆ ಬೀಟರೇ ಬೇಡ, ವಿಸ್ಕ್ (ಕೈಯಲ್ಲಿ ಕಡೆಯುವ ತಂತಿ ಕಡೆಗೋಲು) ಸಾಕು, ಒಣ ಹಿಟ್ಟು ಮರೆಯಾದರೆ ನಿಲ್ಲಿಸಿ.

ಒಣಕಲಿಗೆ ಸಾಮಾನ್ಯ ಕಾರಣ ಅಳೆಯುವ ಕಪ್. ಮೈದಾವನ್ನು ಚಮಚದಿಂದ ಹಗುರ ತುಂಬಿದರೆ ಒಂದು ಕಪ್ 120-125 ಗ್ರಾಂ. ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150. ಎರಡು ಕಪ್ಪಿಗೆ ಐವತ್ತು ಗ್ರಾಂ ಹೆಚ್ಚು. ತಕ್ಕಡಿ ಇಲ್ಲದೆ ಈ ದೋಷ ಹಿಡಿಯಲಾಗದು.

ಮೊಟ್ಟೆ ಇಲ್ಲದೆ ಮಾಡಿದಾಗ

ಎರಡು ಮೊಟ್ಟೆಗೆ ಬದಲಾಗಿ 120 ಗ್ರಾಂ ಗಟ್ಟಿ ಮೊಸರು ಹಾಕುವುದು ರೂಢಿ. ರುಚಿಗೆ ಮೋಸವಿಲ್ಲ, ಆದರೆ ತುಂಡು ಎತ್ತುವಾಗ ಪುಡಿಯಾಗುತ್ತದೆ. ಪೀನಟ್ ಬಟರಿನ ಜಿಡ್ಡು ಮೈದಾದ ಅಂಟನ್ನು ಮೊದಲೇ ಸಡಿಲಗೊಳಿಸಿರುತ್ತದೆ. ಹಿಡಿದುಕೊಳ್ಳುವ ಮೊಟ್ಟೆಯೂ ಇಲ್ಲ. ಹಾಗಾಗಿ ಕೇಕಿಗೆ ಹೋಗುವ ಪೀನಟ್ ಬಟರನ್ನು 90 ಗ್ರಾಂಗೆ ಇಳಿಸಿ, ಪರಿಮಳದ ಭಾರವನ್ನು ಫ್ರಾಸ್ಟಿಂಗಿಗೆ ಬಿಡಿ. ನೀರನ್ನೂ ಎರಡು ದೊಡ್ಡ ಚಮಚ ಕಡಿಮೆ ಮಾಡಿ. ಪೂರ್ತಿ ತಣಿಯುವ ತನಕ ಕೊಯ್ಯಬೇಡಿ.

ಫ್ರಾಸ್ಟಿಂಗ್: ನಿಜವಾದ ಪರೀಕ್ಷೆ

ಕೇಕ್ ಸರಿಯಾಗಿ ಬಂದವರೂ ಎಡವುವುದು ಇಲ್ಲಿ. ಬಟರ್‌ಕ್ರೀಮ್ (ಬೆಣ್ಣೆ-ಸಕ್ಕರೆ ಕಡೆದ ಲೇಪ) ಅಭ್ಯಾಸ ಇದ್ದವರಂತೂ ಹೆಚ್ಚು, ಯಾಕೆಂದರೆ ಅವರು ಕೇಕ್ ತಣಿಯಲಿ ಎಂದು ಕಾಯುತ್ತಾರೆ. ತಣ್ಣಗಾದ ಕೇಕಿನ ಮೇಲೆ ಈ ಫ್ರಾಸ್ಟಿಂಗ್ ಬಿದ್ದ ಜಾಗದಲ್ಲೇ ಹೆಪ್ಪುಗಟ್ಟುತ್ತದೆ. ಸ್ಪ್ಯಾಚುಲಾದಿಂದ ಎಳೆದರೆ ಕೇಕಿನ ಮೇಲ್ಮೈ ಕಿತ್ತು ಬರುತ್ತದೆ. ಓವನ್ನಿನಿಂದ ತೆಗೆದ ಮೇಲೆ ಐದರಿಂದ ಹತ್ತು ನಿಮಿಷ, ಅಷ್ಟೇ ಅವಕಾಶ. ಕೇಕ್ ಒಳಗಿರುವ ಕೊನೆಯ ಐದು ನಿಮಿಷದಲ್ಲಿ ಫ್ರಾಸ್ಟಿಂಗಿಗೆ ಒಲೆ ಹಚ್ಚಿ.

ತೆಗೆದ ಕೂಡಲೇ ಎರೆದರೆ ಇನ್ನೊಂದು ತೊಂದರೆ: ಅರ್ಧ ಫ್ರಾಸ್ಟಿಂಗ್ ಒಳಗೆ ಇಂಗಿ, ಮೇಲೆ ತೆಳು ಹೊಳಪು ಮಾತ್ರ ಉಳಿಯುತ್ತದೆ. ತಿನ್ನಲು ಚೆನ್ನಾಗಿಯೇ ಇರುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಕೆಲವು ಮನೆಗಳಲ್ಲಿ ಬೇಕೆಂದೇ ಹಾಗೆ ಮಾಡುತ್ತಾರೆ, ನಾನೂ ಆ ಪಕ್ಷ.

ಪಾತ್ರೆಯಲ್ಲೇ ಒಡೆದು ಎಣ್ಣೆ ತೇಲಿತೇ? ಪೀನಟ್ ಬಟರನ್ನು ಬೆಣ್ಣೆ-ಹಾಲಿನ ಜೊತೆ ಕುದಿಸಿದ್ದೀರಿ. ಬೆಣ್ಣೆ, ಹಾಲು ಮಾತ್ರ ಕುದಿ ಬರಬೇಕು. ಒಲೆ ಆರಿಸಿ, ಆಮೇಲೆ ಪೀನಟ್ ಬಟರ್, ಕೊನೆಗೆ ಜರಡಿ ಹಿಡಿದ ಸಕ್ಕರೆ. ಒಡೆದದ್ದನ್ನು ಉಳಿಸಬಹುದು: ಒಂದು ಚಮಚ ಬಿಸಿ ಹಾಲು ಹಾಕಿ ಜೋರಾಗಿ ವಿಸ್ಕ್ ಮಾಡಿ, ಕೂಡದಿದ್ದರೆ ಇನ್ನೊಂದು ಚಮಚ.

ಇಲ್ಲಿ ಹಲವರು ಗಾಬರಿಯಾಗುವ ಒಂದು ಕ್ಷಣವಿದೆ. ಮೊದಲ ಚಮಚ ಹಾಲಿಗೆ ಅದು ತೆಳುವಾಗುವ ಬದಲು ಇನ್ನೂ ಗಟ್ಟಿಯಾಗುತ್ತದೆ, ಚಮಚ ನಿಲ್ಲುವಷ್ಟು. ಪೀನಟ್ ಬಟರಿನ ಸ್ವಭಾವವೇ ಹಾಗೆ. ಎಣ್ಣೆಯಲ್ಲಿ ಮುಳುಗಿದ ಕಣಗಳಿಗೆ ಸ್ವಲ್ಪವೇ ನೀರು ತಾಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ; ಸಾಕಷ್ಟು ನೀರು ಸಿಕ್ಕಿದರೆ ಮತ್ತೆ ಸಡಿಲಾಗುತ್ತವೆ. ಆ ಹಂತದಲ್ಲಿ ಹೆದರಿ ಬೆಣ್ಣೆ ಸೇರಿಸಬೇಡಿ, ಹಾಲನ್ನೇ ಮುಂದುವರಿಸಿ.

ನಾಲಿಗೆಗೆ ಮರಳು ಮರಳಾಗಿದ್ದರೆ ಮನೆಯಲ್ಲಿ ಪುಡಿ ಮಾಡಿದ ಸಕ್ಕರೆ ಹಾಕಿದ್ದೀರಿ. ಅಂಗಡಿಯ ಐಸಿಂಗ್ ಶುಗರ್ ಇದಕ್ಕಿಂತ ಎಷ್ಟೋ ನುಣುಪು, ಜೊತೆಗೆ ಸ್ವಲ್ಪ ಕಾರ್ನ್‌ಫ್ಲೋರ್ ಇರುತ್ತದೆ. ಮನೆಯದೇ ಬೇಕೆಂದರೆ ಪುಡಿಗೆ ನೂರು ಗ್ರಾಂಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಹಾಕಿ ಮತ್ತೆ ತಿರುಗಿಸಿ, ನುಣ್ಣನೆ ಬಟ್ಟೆಯಲ್ಲಿ ವಸ್ತ್ರಗಾಳಿಸಿ.

ಬಿರುಕು ಎರಡು ಥರ. ಒಣಗಿದ ಕೆರೆಯ ತಳದಂತೆ ಎಲ್ಲ ಕಡೆ ಸೀಳಿದ್ದರೆ ಬೆಣ್ಣೆ-ಹಾಲು ಹೆಚ್ಚು ಹೊತ್ತು ಕುದಿದು ನೀರು ಆವಿಯಾಗಿದೆ, ಇಲ್ಲವೇ ಸಕ್ಕರೆ ಹೆಚ್ಚಾಗಿದೆ. ಕುದಿ ಬಂದ ಕೂಡಲೇ ಇಳಿಸಬೇಕು. ಅದಲ್ಲದೆ ಟ್ರೇಯ ಅಡ್ಡಕ್ಕೆ ಒಂದೇ ಒಂದು ನೇರ ಬಿರುಕು ಬಂದಿದ್ದರೆ ಅಡುಗೆಯ ದೋಷವೇ ಅಲ್ಲ. ತೆಳು ಅಲ್ಯೂಮಿನಿಯಂ ಟ್ರೇಯನ್ನು ಎರಡು ತುದಿಯಲ್ಲಿ ಹಿಡಿದು ಎತ್ತಿದ್ದೀರಿ, ನಡುವೆ ಬಾಗಿತು, ಗಟ್ಟಿಯಾಗಿದ್ದ ಮೇಲ್ಪದರ ಸೀಳಿತು. ಮಣೆಯ ಮೇಲಿಟ್ಟು ಒಯ್ಯಿರಿ.

ಎಷ್ಟು ಹೊತ್ತಾದರೂ ಗಟ್ಟಿಯಾಗುತ್ತಿಲ್ಲವೆ? ಕರಾವಳಿಯ ಮಳೆಗಾಲದಲ್ಲಿ ಐಸಿಂಗ್ ಶುಗರ್ ಡಬ್ಬಿಯಲ್ಲಿದ್ದಾಗಲೇ ತೇವ ಹೀರಿರುತ್ತದೆ. ಹಾಲನ್ನು 60 ಮಿಲಿಗೆ ಇಳಿಸಿ. ಎಣ್ಣೆ ತೇಲುವ ನ್ಯಾಚುರಲ್ ಡಬ್ಬಿಯಿಂದ ಮಾಡಿದ ಫ್ರಾಸ್ಟಿಂಗ್ ಅಂತೂ ಎಂದಿಗೂ ಪೂರ್ತಿ ಬಿಗಿಯುವುದಿಲ್ಲ; ಅದನ್ನು ಕಟ್ಟಿಹಿಡಿಯುವ ಗಟ್ಟಿ ಕೊಬ್ಬು ಅದರಲ್ಲಿಲ್ಲ. ಕೇಕಿಗೆ ಬೇಕಾದರೆ ನ್ಯಾಚುರಲ್ ಹಾಕಿ, ಫ್ರಾಸ್ಟಿಂಗಿಗೆ ಮಾಮೂಲಿ ನುಣ್ಣನೆಯ ಡಬ್ಬಿಯೇ ಇರಲಿ. ಈ ವಿಷಯದಲ್ಲಿ ನನ್ನದು ಹಟ.

ಬೆಳಿಗ್ಗೆ ನೋಡಿದರೆ ಮೇಲೆಲ್ಲ ನೀರಹನಿ, ಅಂಟಂಟು ಮಚ್ಚೆ ಕಂಡರೆ, ಬಿಸಿ ಆರುವ ಮುಂಚೆ ಮುಚ್ಚಿದ್ದೀರಿ. ಫ್ರಿಜ್ಜಿನಲ್ಲಿಟ್ಟಿದ್ದರೆ ಮುಚ್ಚಳ ತೆಗೆಯದೆ ಹೊರಗಿಟ್ಟು, ಕೋಣೆಯ ಶಾಖಕ್ಕೆ ಬಂದ ಮೇಲೆ ತೆರೆಯಿರಿ.

ಕಡಲೆಕಾಯಿಯ ಪರಿಮಳವೇ ಇಲ್ಲ

ಹೆಚ್ಚು ಸುರಿಯುವುದು ಇದಕ್ಕೆ ಮದ್ದಲ್ಲ, ಮತ್ತೆ ಎಣ್ಣೆಯ ಸಮಸ್ಯೆಗೇ ಹೋಗುತ್ತೀರಿ. ಉಪ್ಪು ನೋಡಿ, ಉಪ್ಪಿಲ್ಲದ ಬೆಣ್ಣೆ, ಉಪ್ಪಿಲ್ಲದ ಪೀನಟ್ ಬಟರ್ ಎರಡೂ ಸೇರಿದರೆ ಕೇಕ್ ಬರೀ ಸಿಹಿಯಾಗಿ ಸಪ್ಪೆ ಹೊಡೆಯುತ್ತದೆ. ಬಿಳಿ ಸಕ್ಕರೆಯ ಅರ್ಧ ಭಾಗ ಬ್ರೌನ್ ಶುಗರ್ ಮಾಡಿ. ಹುರಿದು ಒಡೆದ ಶೇಂಗಾವನ್ನು ಫ್ರಾಸ್ಟಿಂಗ್ ಆರುವ ಮುಂಚೆ ಉದುರಿಸಿ. ಕಮಟು ವಾಸನೆ ಇದ್ದರೆ ಮಾತ್ರ ಏನೂ ಮಾಡಲಾಗದು, ಡಬ್ಬಿಯನ್ನೇ ಬಿಸಾಡಿ.

ಕೇಕ್ ಹಸಿರಾಗಿದೆ!

ಇದು ಅಮೆರಿಕದಲ್ಲಿರುವವರಿಂದ ಬರುವ ಪ್ರಶ್ನೆ. ಮಕ್ಕಳ ಶಾಲೆಯಲ್ಲಿ ಕಡಲೆಕಾಯಿ ನಿಷಿದ್ಧ ಎಂದು ಸೂರ್ಯಕಾಂತಿ ಬೀಜದ ಬಟರ್ ಹಾಕಿ ಇದೇ ಕೇಕ್ ಮಾಡುತ್ತಾರೆ. ಓವನ್ನಿನಿಂದ ಬಂದಾಗ ಸರಿಯಾಗಿಯೇ ಇರುತ್ತದೆ. ಕೆಲವು ಗಂಟೆಯ ಮೇಲೆ ಕೊಯ್ದರೆ ಒಳಗೆಲ್ಲ ಪಾಚಿ ಬಣ್ಣ. ಬೂಸ್ಟಲ್ಲ, ಹೆದರಬೇಡಿ. ಸೂರ್ಯಕಾಂತಿ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಸೋಡಾದ ಕ್ಷಾರಕ್ಕೆ ಸಿಕ್ಕಿ ಹಸಿರಾಗುತ್ತದೆ. ತಿಂದರೆ ಏನೂ ಆಗದು. ಸೋಡಾವನ್ನು ಮೂರನೆಯ ಒಂದು ಪಾಲು ಕಡಿಮೆ ಮಾಡಿ ಒಂದು ಟೀ ಚಮಚ ನಿಂಬೆರಸ ಹಾಕಿದರೆ ಬಣ್ಣ ತಗ್ಗುತ್ತದೆ.

ಕನ್ನಡ ಕೂಟದ ಪಾಟ್‌ಲಕ್ಕಿಗೆ (ಒಬ್ಬೊಬ್ಬರೂ ಒಂದೊಂದು ಅಡುಗೆ ತರುವ ಊಟಕ್ಕೆ) ನಿಜವಾದ ಪೀನಟ್ ಬಟರಿನ ಕೇಕನ್ನೇ ಒಯ್ಯುವುದಾದರೆ, ಟ್ರೇಯ ಮೇಲೆ ‘ಕಡಲೆಕಾಯಿ ಇದೆ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದು ಅಂಟಿಸಿ. ಫ್ರಾಸ್ಟಿಂಗ್ ಹಚ್ಚಿದ ಮೇಲೆ ಇದು ಕ್ಯಾರಮೆಲ್ ಕೇಕಿನ ಹಾಗೇ ಕಾಣುತ್ತದೆ, ಮಕ್ಕಳು ಕೇಳದೆ ಎತ್ತಿಕೊಳ್ಳುತ್ತಾರೆ. ಚಾಕುವನ್ನೂ ಬೇರೆ ಇಡಿ.